ಕನ್ನಡ ಓದಿನ ತೊಡಕು: ಜಮಖಂಡಿ ಸೀಮೆಯ ಶಾಲೆಗಳ ಮುಂದಿರುವ ಕೆಲಸ

ಬುದ್ಧಿ, ದೃಷ್ಟಿ, ಶ್ರವಣಗಳಲ್ಲಿ ಕೊರತೆಯಿಲ್ಲದೆ, ಪಾಠವೂ ಸರಿಯಾಗಿ ದೊರೆತಿದ್ದರೂ, ಬರೆದ ಅಕ್ಷರವನ್ನು ಅದರ ಧ್ವನಿಯೊಂದಿಗೆ ತಡೆಯಿಲ್ಲದೆ ಜೋಡಿಸಲು ಮಗುವಿಗೆ ಆಗದಿರುವ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಓದಿನ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. 1887ರಲ್ಲಿ ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ಈ ಪದವನ್ನು ಬಳಕೆಗೆ ತಂದದ್ದು ಮೆದುಳಿನ ಕಾಯಿಲೆಯಿಂದ ಓದುವ ಶಕ್ತಿ ಕಳೆದುಕೊಂಡ ವಯಸ್ಕರನ್ನು ಕುರಿತು. ಹುಟ್ಟಿನಿಂದಲೇ ಈ ತೊಡಕಿದ್ದ ಬಾಲಕನೊಬ್ಬನನ್ನು 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ವಿವರಿಸಿದರು. ಆನಂತರದ ಸಂಶೋಧನೆಯ ಬಹುಪಾಲು ಇಂಗ್ಲಿಷ್ ಓದನ್ನೇ ಆಧರಿಸಿದ್ದರಿಂದ, ‘ಬಿ’ ಮತ್ತು ‘ಡಿ’ ಅಕ್ಷರಗಳನ್ನು ಅದಲುಬದಲು ಮಾಡುವುದೇ ಇದರ ಮುಖ್ಯ ಲಕ್ಷಣವೆಂಬ ನಂಬಿಕೆ ನಮ್ಮಲ್ಲಿಯೂ ಹರಡಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ತಾಲ್ಲೂಕುಗಳ ಕನ್ನಡ ಶಾಲೆಯ ಶಿಕ್ಷಕರಿಗೆ ಈ ನಂಬಿಕೆಯಿಂದ ಹೆಚ್ಚಿನ ಉಪಯೋಗವಿಲ್ಲ, ಏಕೆಂದರೆ ಅವರ ತರಗತಿಯ ಮಗು ಎಡವುವ ಜಾಗಗಳೇ ಬೇರೆ.

ಕನ್ನಡ ಲಿಪಿ ಬಹುಮಟ್ಟಿಗೆ ಉಚ್ಚಾರದಂತೆಯೇ ಬರೆಯುವ ಲಿಪಿಯಾದರೂ, ಕಲಿಯಬೇಕಾದ ರೂಪಗಳ ಸಂಖ್ಯೆ ವರ್ಣಮಾಲೆಯಲ್ಲಿ ಕಾಣುವುದಕ್ಕಿಂತ ಬಹಳ ದೊಡ್ಡದು. ಕಾಗುಣಿತವೂ ಒತ್ತಕ್ಷರಗಳೂ ಸೇರಿದಾಗ ಅದು ನೂರಾರಾಗುತ್ತದೆ. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಸಾಮಾನ್ಯ ಮಕ್ಕಳಿಗೂ ಈ ಅಕ್ಷರಜ್ಞಾನ ಪೂರ್ಣವಾಗಲು ಮೊದಲೆರಡು ತರಗತಿಗಳು ಸಾಲುವುದಿಲ್ಲವೆಂದು ತೋರಿಸಿತು. ‘ರ, ಗ, ಸ, ದ, ಅ’ ಎಂದು ಆರಂಭವಾಗುವ ನಲಿ-ಕಲಿ ಕ್ರಮದಲ್ಲಿ ಬಿಡಿ ಅಕ್ಷರಗಳನ್ನು ಗುರುತಿಸಿ, ಪಾಠದ ಪುಟಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡ ಚುರುಕು ಮಗುವಿನ ತೊಡಕು ಆದ್ದರಿಂದಲೇ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಅದು ಹೊರಬರುವುದು ಪರಿಚಯವಿಲ್ಲದ ಗದ್ಯ ಎದುರಾದಾಗ: ವ, ಪ, ಷ ಅಕ್ಷರಗಳ ನಡುವೆ ಕಣ್ಣು ತಡಕಾಡುತ್ತದೆ, ಬರೆಯುವಾಗ ದೀರ್ಘವೂ ಒತ್ತೂ ಬಿಟ್ಟುಹೋಗುತ್ತವೆ. ಅರ್ಕಾವೊತ್ತು ಇನ್ನೂ ಕಠಿಣ. ‘ಸೂರ್ಯ’ ಪದದಲ್ಲಿ ರಕಾರವನ್ನು ಯಕಾರಕ್ಕಿಂತ ಮೊದಲು ಉಚ್ಚರಿಸಿದರೂ ಅದರ ಚಿಹ್ನೆಯನ್ನು ಯಕಾರದ ನಂತರ ಬರೆಯಬೇಕಾಗಿರುವುದರಿಂದ, ಕಿವಿ ಕೇಳಿದ ಕ್ರಮ ಒಂದಾಗಿ ಕಣ್ಣು ಕಂಡ ಕ್ರಮ ಇನ್ನೊಂದಾಗುತ್ತದೆ. ತಪ್ಪುಗಳಿಗಿಂತಲೂ ಮುಖ್ಯವಾದ ಗುರುತು ನಿಧಾನ: ಅಕ್ಷರಕ್ಕೆ ಅಕ್ಷರ ಕೂಡಿಸಿ ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಅದರ ಆರಂಭವೇ ಮರೆತುಹೋಗಿರುತ್ತದೆ, ಅದೇ ಪಾಠವನ್ನು ಓದಿ ಹೇಳಿದರೆ ಆ ಮಗು ಎಲ್ಲ ಪ್ರಶ್ನೆಗಳಿಗೂ ಉತ್ತರಿಸುತ್ತದೆ.

ಡಿಸ್ಲೆಕ್ಸಿಯಾ ಅಲ್ಲದ್ದನ್ನು ಬೇರ್ಪಡಿಸುವುದೂ ಈ ಸೀಮೆಯಲ್ಲಿ ಅಷ್ಟೇ ಅಗತ್ಯ. ಮನೆಯಲ್ಲಿ ‘ಹೋಗ್ಯಾನ’, ‘ಮಾಡಾಕತ್ತಾಳ’ ಎಂದು ಮಾತಾಡುವ ಮಗು ಪುಸ್ತಕದ ‘ಹೋಗಿದ್ದಾನೆ’ಯನ್ನು ‘ಹೋಗ್ಯಾನ’ ಎಂದೇ ಓದಿದರೆ, ಅದು ಅಕ್ಷರವನ್ನು ಬಿಡಿಸಿ, ಅರ್ಥವನ್ನು ಹಿಡಿದು, ತನ್ನ ಮಾತಿಗೆ ತಂದುಕೊಂಡ ಓದು. ಅದನ್ನು ನ್ಯೂನತೆಯೆಂದು ಎಣಿಸುವುದು ಅನ್ಯಾಯ. ಮನೆಮಾತು ಉರ್ದು, ಮರಾಠಿ ಅಥವಾ ಲಂಬಾಣಿಯಾಗಿರುವ ಮಗುವಿಗೂ, ತಂದೆತಾಯಿಯರೊಂದಿಗೆ ದುಡಿಮೆಯ ಊರಿಗೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗುವಿಗೂ ಬೇಕಾಗಿರುವುದು ಪಾಠವೇ ಹೊರತು ವೈದ್ಯಕೀಯ ಹೆಸರಲ್ಲ. ಆದರೆ ಇಂಥ ಮಕ್ಕಳಲ್ಲಿಯೂ ಡಿಸ್ಲೆಕ್ಸಿಯಾ ಇರಬಹುದಾದ್ದರಿಂದ, ಕೆಲವು ತಿಂಗಳು ಸರಿಯಾಗಿ ಕಲಿಸಿದ ಮೇಲೂ ಓದು ಮುಂದುವರಿಯದಿದ್ದರೆ ತಪಾಸಣೆಗೆ ಕಳುಹಿಸಲೇಬೇಕು.

1995ರ ಅಂಗವಿಕಲರ ಕಾಯ್ದೆಯಲ್ಲಿ ಈ ತೊಡಕಿಗೆ ಸ್ಥಾನವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಹೆಸರಿನಲ್ಲಿ ಡಿಸ್ಲೆಕ್ಸಿಯಾವನ್ನು 21 ನ್ಯೂನತೆಗಳ ಪಟ್ಟಿಗೆ ಸೇರಿಸಿ, ಆದಷ್ಟು ಬೇಗ ಅದನ್ನು ಗುರುತಿಸಿ ತಕ್ಕ ಬೋಧನಾಕ್ರಮ ಕೈಗೊಳ್ಳುವ ಹೊಣೆಯನ್ನು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಮೇಲೆ ಹೊರಿಸಿತು. ಶಿಕ್ಷಕರು ಮೂರನೆಯ ತರಗತಿಯಲ್ಲಿ ಅಥವಾ ಎಂಟು ವರ್ಷಕ್ಕೆ ಮೊದಲ ತಪಾಸಣೆ ನಡೆಸಬೇಕು, ಎಂಟು ತುಂಬಿದ ಮೇಲೆ ನೀಡುವ ಪ್ರಮಾಣಪತ್ರವನ್ನು ಹದಿನಾಲ್ಕು ಮತ್ತು ಹದಿನೆಂಟನೆಯ ವಯಸ್ಸಿನಲ್ಲಿ ನವೀಕರಿಸಬೇಕು ಎಂದು 2018ರ ಜನವರಿಯ ಕೇಂದ್ರ ಮಾರ್ಗಸೂಚಿ ವಿಧಿಸಿತು. ಸಾಧನಗಳ ಕೊರತೆಯನ್ನು ಕಾರಣವಾಗಿ ಹೇಳುವಂತಿಲ್ಲ: ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಕನ್ನಡದಲ್ಲಿಯೂ ಇದ್ದು, ಅದರಲ್ಲಿ ತರಗತಿಯ ಶಿಕ್ಷಕರೇ ಬಳಸಬಹುದಾದ ಪ್ರಶ್ನಾವಳಿಗಳಿವೆ; ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಕನ್ನಡ ಓದನ್ನೇ ಅಳೆಯುವ ಪರೀಕ್ಷೆ ರೂಪುಗೊಂಡಿದೆ. ನಿಜವಾದ ಅಡ್ಡಿ ದೂರ ಮತ್ತು ದುಡಿಮೆ. ಪ್ರಮಾಣಪತ್ರಕ್ಕೆ ಬೇಕಾದ ತಪಾಸಣೆಗೆ ಹೋಗಬಹುದಾದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಜಮಖಂಡಿಯಿಂದ 500 ಕಿಲೋಮೀಟರಿಗೂ ದೂರವಿದೆ, ಧಾರವಾಡದ ಡಿಮ್ಹಾನ್ಸ್ ಅದಕ್ಕಿಂತ ಹತ್ತಿರ. ಬನಹಟ್ಟಿಯ ಮಗ್ಗದ ಮನೆಗೆ ಅಥವಾ ಬೀಳಗಿಯ ಕೂಲಿ ಕುಟುಂಬಕ್ಕೆ ಧಾರವಾಡದ ಒಂದು ಪ್ರಯಾಣವೆಂದರೂ ಬಸ್ ಖರ್ಚಿನ ಜೊತೆಗೆ ಒಂದೆರಡು ದಿನದ ಗಳಿಕೆಯೂ ಹೋದಂತೆ.

ಆದರೆ ಪ್ರಮಾಣಪತ್ರ ಬರುವವರೆಗೆ ತರಗತಿ ಕಾಯಬೇಕಾಗಿಲ್ಲ. ಕಣ್ಣು, ಕಿವಿ, ಕೈಗಳನ್ನು ಒಟ್ಟಿಗೆ ಬಳಸಿ ಅಕ್ಷರ ಕಲಿಸುವ ಬಹುಇಂದ್ರಿಯ ಕ್ರಮವನ್ನು ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆನಾ ಗಿಲ್ಲಿಂಗ್‌ಹ್ಯಾಮ್ ಕಳೆದ ಶತಮಾನದಲ್ಲಿ ರೂಪಿಸಿದರು. ಬಾಯಲ್ಲಿ ಹೇಳುತ್ತ ಮರಳಿನ ಮೇಲೆ ಬೆರಳಿನಿಂದ ತಿದ್ದುವ ನಮ್ಮ ಹಳೆಯ ರೂಢಿಯೂ ಅದೇ ಜಾಡಿನದು, ಮತ್ತು ಒತ್ತಕ್ಷರಗಳಿಗೆ ಅದನ್ನು ಮರಳಿ ತರಲು ಖರ್ಚೇನೂ ಇಲ್ಲ. ಪದವನ್ನು ಚಪ್ಪಾಳೆಯೊಂದಿಗೆ ಬಿಡಿಸುವುದು, ಸಿದ್ಧತೆಯಿಲ್ಲದ ಪುಟವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸದಿರುವುದು, ವಿಜ್ಞಾನ ಮತ್ತು ಸಮಾಜ ಪಾಠಗಳಲ್ಲಿ ಬಾಯಿಮಾತಿನ ಉತ್ತರವನ್ನು ಒಪ್ಪಿ ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು ಶಿಕ್ಷಕರ ವಿವೇಚನೆಯೊಳಗಿನ ಕೆಲಸಗಳೇ. ‘ತಾರೇ ಜಮೀನ್ ಪರ್’ ಚಲನಚಿತ್ರ 2007ರಲ್ಲಿ ಈ ತೊಡಕನ್ನು ಮನೆಮನೆಗೆ ಪರಿಚಯಿಸಿತು, ಅದು ಸಣ್ಣ ಉಪಕಾರವಲ್ಲ. ಆದರೆ ಅದರ ಬಾಲಕನಂತೆ ಚಿತ್ರ ಬರೆಯಲು ಬಾರದ, ಯಾವ ವಿಶೇಷ ಪ್ರತಿಭೆಯೂ ಇಲ್ಲದ ಮಗುವಿಗೂ ಓದು ಕಲಿಯುವ ಹಕ್ಕು ಅಷ್ಟೇ ಪೂರ್ಣವಾದದ್ದು.

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಮೊದಲಾದ ರಿಯಾಯಿತಿಗಳಿಗೆ ಮಾತ್ರ ಪ್ರಮಾಣಪತ್ರ ಬೇಕೇ ಬೇಕು, ಮತ್ತು ಅದಕ್ಕಾಗಿ ಹತ್ತನೆಯ ತರಗತಿಯಲ್ಲಿ ಓಡಾಡತೊಡಗಿದರೆ ತಡವಾಗಿರುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹದಿನಾಲ್ಕನೆಯ ವಯಸ್ಸಿನ ಮರುತಪಾಸಣೆ ಬರುವ ಹೊತ್ತಿಗೆ ಮಗು ಸಾಮಾನ್ಯವಾಗಿ ಪ್ರಾಥಮಿಕ ಶಾಲೆ ಬಿಟ್ಟು ಪ್ರೌಢಶಾಲೆಗೆ ಸೇರಿರುತ್ತದೆ, ಅದರ ತೊಡಕನ್ನು ಮೂರನೆಯ ತರಗತಿಯಿಂದ ಬಲ್ಲ ಗುರುಗಳು ಹಿಂದೆಯೇ ಉಳಿದಿರುತ್ತಾರೆ, ಹೊಸ ಶಾಲೆಯ ಕೈಗೆ ಬರುವುದು ಅಂಕಗಳು ಮತ್ತು ಟಿ.ಸಿ. ಮಾತ್ರ. ಮಗು ಯಾವ ಒತ್ತಕ್ಷರದಲ್ಲಿ ನಿಲ್ಲುತ್ತದೆ, ಓದಿ ಹೇಳಿದರೆ ಎಷ್ಟು ಗ್ರಹಿಸುತ್ತದೆ, ಯಾವ ಕ್ರಮದಿಂದ ಸುಧಾರಿಸಿದೆ, ಮುಂದಿನ ತಪಾಸಣೆ ಯಾವ ವರ್ಷಕ್ಕಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಪಾಲಕರ ಒಪ್ಪಿಗೆ ಪಡೆದು, ಆ ಟಿ.ಸಿ.ಯ ಜೊತೆಗೆ ಲಗತ್ತಿಸುವ ಕ್ರಮವನ್ನು ಈ ನಾಲ್ಕು ತಾಲ್ಲೂಕುಗಳ ಶಾಲೆಗಳು ಬರುವ ಜೂನ್‌ನಿಂದಲೇ ಆರಂಭಿಸಬಹುದು.