ನರದ ಬೆಳವಣಿಗೆಯೂ ನೆನಪಿನ ಶಕ್ತಿಯೂ

ಕಡಿದ ಕೊಂಬೆಯು ಚಿಗುರುವುದನ್ನೂ ಮುರಿದ ಎಲುಬು ಕೂಡಿಕೊಳ್ಳುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಹಾಗಾದರೆ ಕಡಿದುಹೋದ ನರವು ಮರಳಿ ಬೆಳೆಯುವುದೆ? ಮರದಿಂದ ಬಿದ್ದು ಬೆನ್ನುಹುರಿ ಕೆಟ್ಟು ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಶಾಸ್ತ್ರಜ್ಞರು ಕಂಡುಕೊಂಡಿರುವ ಉತ್ತರವನ್ನು ಸಂಗ್ರಹವಾಗಿ ವಾಚಕರ ಮುಂದಿಡುತ್ತೇವೆ.

1903ರಲ್ಲಿ ಹೆನ್ರಿ ಹೆಡ್ ಎಂಬ ಆಂಗ್ಲ ವೈದ್ಯರು ತಮ್ಮ ಎಡ ಮುಂಗೈಯ ನರವನ್ನು ತಾವಾಗಿಯೇ ಕತ್ತರಿಸಿಸಿಕೊಂಡು, ತುದಿಗಳನ್ನು ರೇಷ್ಮೆಯ ದಾರದಿಂದ ಹೊಲಿಸಿಕೊಂಡರು. ನೀಲಗಿರಿಯ ತೋದವರನ್ನು ಕುರಿತು 1906ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಿವರ್ಸ್ ಪಂಡಿತರೇ ಆ ಕೈಯನ್ನು ಕೇಂಬ್ರಿಡ್ಜಿನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದವರು. ಹೆಡ್ಡರು ಕಣ್ಣು ಮುಚ್ಚಿ ಕುಳಿತಿರಲು, ರಿವರ್ಸರು ಸೂಜಿಯಿಂದಲೂ ಹತ್ತಿಯಿಂದಲೂ ಮುಟ್ಟಿ ನೋಡುವರು. ಮೊದಲು ನೋವೂ ಅತಿಯಾದ ಬಿಸಿ ತಣ್ಪುಗಳೂ ತಿಳಿದುಬಂದವು. ಹತ್ತಿಯ ಮೃದು ಸ್ಪರ್ಶವು ಬಹುಕಾಲದ ಮೇಲೆ ಮರಳಿತು.

ಇದರ ಮರ್ಮವೇನು? ಕೈಕಾಲಿನ ನರವು ತುಂಡಾದಾಗ ಆಚೆಯ ತುಂಡಿನ ತಂತುಗಳು ಸಾಯುತ್ತವೆ. ಅವುಗಳ ಹೊರಗವಚ ಮಾತ್ರ ಕೊಳವೆಯಂತೆ ಉಳಿಯುತ್ತದೆ. ಅಲ್ಲಿಯ ಜೀವಕೋಶಗಳು ಕಸವನ್ನು ತೆಗೆದು, ಈಚೆಯಿಂದ ಬರುವ ಹೊಸ ಮೊಳಕೆಗೆ ದಾರಿಯನ್ನೂ ಪೋಷಣೆಯನ್ನೂ ಒದಗಿಸುತ್ತವೆ. ಮೊಳಕೆಯು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮುಂದುವರಿಯುತ್ತದೆ. ಮೊಣಕೈಯಿಂದ ಬೆರಳ ತುದಿಗೆ ಹೋಗಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಕೆಲಸವಿಲ್ಲದ ಸ್ನಾಯುಗಳು ಸೊರಗಿಹೋಗುವ ಭಯವುಂಟು. ಆದುದರಿಂದ ಗಾಜಿನಿಂದಲೋ ಕತ್ತಿಯಿಂದಲೋ ಕೈ ಕುಯ್ದು ಬೆರಳು ಜೋಮು ಹಿಡಿದರೆ ತಡಮಾಡದೆ ಶಸ್ತ್ರವೈದ್ಯರಲ್ಲಿಗೆ ಹೋಗತಕ್ಕದ್ದು. ಸ್ಪರ್ಶವಿಲ್ಲದ ಆ ಕೈಯನ್ನು ಒಲೆಯ ಬೆಂಕಿಯಿಂದ ಕಾಪಾಡಬೇಕೆಂಬುದನ್ನು ಮನೆಯವರು ಮರೆಯಬಾರದು.

ಮೆದುಳು ಬೆನ್ನುಹುರಿಗಳ ಕಥೆ ಬೇರೆ. ಅಲ್ಲಿಯ ತಂತುಗಳು ಸ್ವಲ್ಪ ಚಿಗುರಿ ನಿಂತುಬಿಡುವುದನ್ನು 1906ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಸ್ಪೇನಿನ ಕಹಾಲ್ ಪಂಡಿತರು ಕಂಡರು. ಆ ತಂತುಗಳಿಗೆ ಬೆಳೆಯುವ ಶಕ್ತಿಯೇ ಇಲ್ಲವೆಂದು ಬಹುಮಂದಿ ನಂಬಿದ್ದರು. 1981ರಲ್ಲಿ ಕೆನಡಾದ ಮಾಂಟ್ರಿಯಾಲಿನಲ್ಲಿ ಡೇವಿಡ್ ಮತ್ತು ಅಗ್ವಾಯೊ ಎಂಬವರು ಇಲಿಯ ಕಾಲಿನ ನರದ ತುಂಡೊಂದನ್ನು ಮೆದುಳಿನ ಬುಡದಿಂದ ಬೆನ್ನುಹುರಿಗೆ ಸೇತುವೆಯಂತೆ ಕಸಿಮಾಡಿದರು. ಅದೇ ತಂತುಗಳು ಆ ಸೇತುವೆಯೊಳಗೆ ಸುಮಾರು 3 ಸೆಂಟಿಮೀಟರು ಬೆಳೆದವು! ಕೊರತೆಯಿದ್ದುದು ಬೀಜದಲ್ಲಿ ಮಾತ್ರವೇ ಅಲ್ಲ, ನೆಲದಲ್ಲಿಯೂ ಎಂದು ಹೀಗೆ ಗೊತ್ತಾಯಿತು. 1988ರಲ್ಲಿ ಜೂರಿಚ್ ನಗರದ ಶ್ವಾಬ್ ಮತ್ತು ಸಂಗಡಿಗರು ತಂತುವಿನ ಸುತ್ತಣ ಕೊಬ್ಬಿನ ಹೊದಿಕೆಯಲ್ಲಿ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳಿರುವುದನ್ನು ತೋರಿಸಿದರು. ಆ ತಡೆಯನ್ನು ನೀಗುವ ಔಷಧಗಳನ್ನು ಮನುಷ್ಯರ ಮೇಲೂ ಪರೀಕ್ಷಿಸಿದ್ದಾರೆ. ನಡೆಯಲಾರದವನನ್ನು ನಡೆಸುವ ನಂಬಿಕೆಯ ಚಿಕಿತ್ಸೆಯಾಗಿ ಅವಿನ್ನೂ ಕೈಸೇರಿಲ್ಲ.

ಆದರೂ ಮೆದುಳಿನೊಳಗೆ ಪ್ರತಿದಿನವೂ ಒಂದು ಸಣ್ಣ ಬೆಳವಣಿಗೆಯು ನಡೆಯುತ್ತಲೇ ಇದೆ, ಅದೇ ನೆನಪು. ಅಮೆರಿಕೆಯ ಎರಿಕ್ ಕ್ಯಾಂಡೆಲ್ ಅವರು ಕಡಲ ಬಸವನಹುಳುವಿನಲ್ಲಿ ಇದನ್ನು ಪರೀಕ್ಷಿಸಿ 2000ನೆಯ ಇಸವಿಯಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಒಮ್ಮೆ ಕಲಿತ ಪಾಠವು ನರಕೋಶಗಳ ನಡುವಣ ಸಂಧಿಯನ್ನು ಸ್ವಲ್ಪ ಹೊತ್ತು ಬಲಪಡಿಸುತ್ತದೆ. ಬಿಟ್ಟುಬಿಟ್ಟು ಮತ್ತೆ ಮತ್ತೆ ಕಲಿತರೆ ಹೊಸ ಸಂಧಿಗಳೇ ಹುಟ್ಟುತ್ತವೆ. ಒಂದೇ ದಿನ ಕುಳಿತು ಓದುವುದಕ್ಕಿಂತ ದಿನಗಳನ್ನು ಹಂಚಿಕೊಂಡು ಓದುವುದು ಮೇಲೆಂದು ಜರ್ಮನಿಯ ಎಬ್ಬಿಂಗ್‌ಹೌಸರು 1885ರಲ್ಲಿಯೇ ತೋರಿಸಿದ್ದರು. ದಿನವೂ ಸಂಜೆ ಮಗ್ಗಿ ಹೇಳಿಸುತ್ತಿದ್ದ ನಮ್ಮ ಹಿರಿಯರ ಪದ್ಧತಿಯಲ್ಲಿ ಈ ತತ್ತ್ವವಡಗಿದೆ. ಕಲಿತುದು ನೆಲೆಗೊಳ್ಳಲು ನಿದ್ರೆಯೂ ಅಗತ್ಯ. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ನಿದ್ದೆಗೆಡಿಸುವ ತಾಯಿತಂದೆಗಳು ಇದನ್ನು ಗಮನಿಸಬೇಕು.

ಆಸೆಯಿರುವಲ್ಲಿ ವ್ಯಾಪಾರವೂ ಇರುತ್ತದೆ. ಆರೋಗ್ಯವಂತನ ನೆನಪನ್ನು ಇಮ್ಮಡಿಸುವ ಗುಳಿಗೆಯೆಂದೂ, ಕಾಂಡಕೋಶದ ಚುಚ್ಚುಮದ್ದಿನಿಂದ ಬೆನ್ನುಹುರಿಯು ಸರಿಹೋಗುವುದೆಂದೂ ಜಾಹೀರಾತುಗಳು ಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಾವಳಿಯು ರಕ್ತ ಸಂಬಂಧವಾದ ಮುಂತಾದ ಕೆಲವೇ ರೋಗಗಳ ಹೊರತು ಕಾಂಡಕೋಶದ ಬಳಕೆಯನ್ನು ಪ್ರಯೋಗವೆಂದೇ ಎಣಿಸುತ್ತದೆ. ಹೊಲಮನೆ ಮಾರಿ ಹಣ ಹೊಂದಿಸುವ ಮುನ್ನ ಸರಕಾರಿ ಆಸ್ಪತ್ರೆಯ ನರವೈದ್ಯರೊಬ್ಬರನ್ನು ಕೇಳುವುದು ವಿವೇಕ. ದಿನಕ್ಕೊಂದು ಮಿಲಿಮೀಟರು ಬೆಳೆಯುವ ನರದ ವಿಷಯದಲ್ಲಿ ಅವಸರದ ಮಾತನ್ನಾಡುವವರನ್ನು ನಂಬಲಾಗದು; ತಾಳ್ಮೆಯಿಂದ ಶುಶ್ರೂಷೆ ಮಾಡುವ ಮನೆಯವರ ಕೈಯಲ್ಲಿ ರೋಗಿಗೆ ಮಾಡಬಹುದಾದುದು ಇಂದಿಗೂ ಬಹಳವಿದೆ.