ಸಿಡಿಲಿಗೆ ತಲೆ ಕೊಡುವ ನೀಲಿ ಬಿಲ್ಲೆ

2020ರಿಂದ 2023ರ ಒಳಗೆ ನನ್ನ ಮೊಬೈಲ್ ಸ್ಟಾರ್ಟರಿನ ಕಾರ್ಡು ಮೂರು ಸಲ ಸುಟ್ಟಿತು. ಮೂರೂ ಸಲ ಏಪ್ರಿಲ್-ಮೇ ತಿಂಗಳಲ್ಲೇ. ಮೊದಲ ಮಳೆ ಬಂತಲ್ಲ ಅಂತ ಖುಷಿಪಟ್ಟು ಬೆಳಿಗ್ಗೆ ಫೋನ್ ಮಾಡಿದರೆ ಸ್ಟಾರ್ಟರಿನಿಂದ ಉತ್ತರವೇ ಇಲ್ಲ.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು. ತೆಂಗು, ನಡುವೆ ಸ್ವಲ್ಪ ಅಡಿಕೆ. ಬೋರಿಗೆ 7.5 ಎಚ್.ಪಿ. ಸಬ್‌ಮರ್ಸಿಬಲ್ ಮೋಟಾರು. ತೋಟ ಮನೆಯಿಂದ ಒಂದು ಮೈಲಿ. ಮೂರು ಫೇಸ್ ಕರೆಂಟು ಒಂದಷ್ಟು ದಿನ ಹಗಲು, ಒಂದಷ್ಟು ದಿನ ರಾತ್ರಿ. ನಮ್ಮ ಕಡೆ ಚಿರತೆ ಕಾಟ ಇದೆ. ಹಾಗಾಗಿ ಮೊಬೈಲ್ ಸ್ಟಾರ್ಟರು ನಾನು ಶೋಕಿಗೆ ಹಾಕಿಸಿದ್ದಲ್ಲ. ಅದು ಕೆಟ್ಟ ದಿನ ರಾತ್ರಿ ಎರಡು ಗಂಟೆಗೆ ನಾನೋ ನನ್ನ ಮಗನೋ ಟಾರ್ಚು ಹಿಡಿದು ಹೊರಡಲೇಬೇಕು.

ಮೊದಲ ಸಲ ಹೊಸ ಕಾರ್ಡಿಗೆ ದುಡ್ಡು ಕೊಟ್ಟೆ. ಎರಡನೇ ಸಲ ಪಟ್ಟಣದ ಒಂದು ಅಂಗಡಿಯಲ್ಲಿ ರಿಪೇರಿ ಮಾಡಿಸಿದೆ, ಅಗ್ಗದಲ್ಲಿ ಮುಗಿಯಿತು. ಮೂರನೇ ಸಲ ಹಾಸನದಲ್ಲಿ ಹಳೇ ಟಿ.ವಿ. ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ. ಅವರು ಕನ್ನಡಕ ಏರಿಸಿ, ಕಾರ್ಡು ತಿರುಗಿಸಿ ನೋಡಿ, 'ಗೌಡ್ರೇ, ಇಲ್ಲೊಂದು ಬಿಲ್ಲೆ ಇರಬೇಕಿತ್ತು. ಯಾರೋ ಕತ್ತರಿಸಿ ತೆಗೆದಿದಾರೆ' ಅಂದರು. ಎರಡು ಕಾಲಿನ ತುಂಡು ಮಾತ್ರ ಉಳಿದಿತ್ತು.

ನನಗೆ ಆಗ ಅರ್ಥವಾಯಿತು. ಎರಡನೇ ಸಲ ಸಿಡಿಲಿಗೆ ಸತ್ತದ್ದು ಕಾರ್ಡಲ್ಲ, ಆ ಬಿಲ್ಲೆ ಮತ್ತು ಅದರ ಹಿಂದಿನ ಫ್ಯೂಸು. ರಿಪೇರಿಯವನು ಬಿಲ್ಲೆ ಕಿತ್ತು, ಫ್ಯೂಸು ಹಾಕಿ ಕೊಟ್ಟ. ಬಿಲ್ಲೆ ಇಲ್ಲದೆಯೂ ಕಾರ್ಡು ಚೆನ್ನಾಗಿಯೇ ಓಡುತ್ತದೆ, ಮುಂದಿನ ಸಿಡಿಲಿನ ತನಕ.

ಕೆರೆಗೆ ಕೋಡಿ ಇದ್ದ ಹಾಗೆ

ಈ ಬಿಲ್ಲೆಯ ಹೆಸರು ವ್ಯಾರಿಸ್ಟರ್. ಅಂಗಡಿಯಲ್ಲಿ ಎಂಓವಿ ಅಂತ ಕೇಳಬೇಕು. ಸಾಮಾನ್ಯವಾಗಿ ನೀಲಿ ಬಣ್ಣ, ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಒಳಗಿರುವುದು ಸತುವಿನ ಆಕ್ಸೈಡ್ ಪುಡಿಗೆ ಬಿಸ್ಮತ್ ಮುಂತಾದವುಗಳ ಆಕ್ಸೈಡ್ ಸೇರಿಸಿ ಸುಟ್ಟ ಪಿಂಗಾಣಿ. 1960ರ ದಶಕದ ಕೊನೆಗೆ ಜಪಾನಿನ ಮತ್ಸುಶಿತಾ ಕಂಪನಿಯಲ್ಲಿ ಮಿಚಿಯೊ ಮತ್ಸುಓಕಾ ಎಂಬವರು ಇದನ್ನು ರೂಪಿಸಿದರು.

ಕೆಲಸ ಮಾಡುವ ರೀತಿ ನಮ್ಮ ಕೆರೆ ಕೋಡಿಯಂತೆಯೇ. ನೀರು ಕೋಡಿ ಮಟ್ಟಕ್ಕೆ ಬರುವ ತನಕ ಕೋಡಿಯಲ್ಲಿ ಹನಿಯೂ ಹರಿಯುವುದಿಲ್ಲ. ಮೀರಿದರೆ ಅಲ್ಲೇ ಧುಮುಕುತ್ತದೆ, ಏರಿ ಉಳಿಯುತ್ತದೆ. ಬಿಲ್ಲೆಯೊಳಗೆ ಒಂದೊಂದು ಕಣದ ಗಡಿಯೂ ಸುಮಾರು 3 ವೋಲ್ಟ್ ತಡೆಯುತ್ತದೆ. ಕಣಗಳ ಸಾಲು ಹೆಚ್ಚಿದಷ್ಟೂ, ಅಂದರೆ ಬಿಲ್ಲೆ ದಪ್ಪಗಾದಷ್ಟೂ ಕೋಡಿ ಮಟ್ಟ ಎತ್ತರ. ಅಗಲ ಹೆಚ್ಚಿದಷ್ಟೂ ಒಮ್ಮೆಗೆ ಹರಿಸುವ ಕರೆಂಟು ಜಾಸ್ತಿ. ದೂರದಲ್ಲಿ ಬಿದ್ದ ಸಿಡಿಲಿನಿಂದ ಲೈನಿನಲ್ಲಿ ನುಗ್ಗುವ ವೋಲ್ಟೇಜು ಸೆಕೆಂಡಿನ ಲಕ್ಷದಲ್ಲಿ ಕೆಲವೇ ಪಾಲು ಹೊತ್ತು ಇರುತ್ತದೆ. ಅಷ್ಟರಲ್ಲಿ ಈ ಪುಟ್ಟ ಬಿಲ್ಲೆ ಸಾವಿರಗಟ್ಟಲೆ ಆಂಪಿಯರ್ ನುಂಗಬಲ್ಲದು. ಆದರೆ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸೋಲುತ್ತದೆ.

ನೇರ ನಮ್ಮ ಕಂಬಕ್ಕೇ ಸಿಡಿಲು ಬಡಿದರೆ ಯಾವ ಬಿಲ್ಲೆಯೂ ನಿಲ್ಲದು. ಆ ಮಾತು ಬೇರೆ.

ನಾನು ಮಾಡಿದ ಎಡವಟ್ಟು

ಇಷ್ಟು ಕೇಳಿಕೊಂಡ ಮೇಲೆ ನಾನೇ ಪಂಡಿತನಾದೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಹತ್ತು ಬಿಲ್ಲೆ ತಂದೆ. ಎಲ್ಲವೂ ಸೇರಿ ಒಂದು ತೆಂಗಿನಸಸಿಯ ಬೆಲೆಯೂ ಆಗಲಿಲ್ಲ. ಬೆಸುಗೆ ಹಾಕಿ ಮೇನ್ ಎತ್ತಿದ್ದೇ ತಡ, ಢಬ್! ಬೋರ್ಡಿನ ಒಳಗೆಲ್ಲ ಮಸಿ. ಮಗ ನಕ್ಕಿದ್ದು ಇನ್ನೂ ನಿಂತಿಲ್ಲ.

ತಪ್ಪು ಏನೆಂದರೆ ಬಿಲ್ಲೆ ಮೇಲಿನ ನಂಬರು ಓದಿರಲಿಲ್ಲ. ನಾನು ತಂದದ್ದು 14ಡಿ471. ಇದರಲ್ಲಿ 14 ಅಂದರೆ ಅಗಲ, ಮಿಲಿಮೀಟರಿನಲ್ಲಿ. 471 ಅಂದರೆ 47ರ ಮುಂದೆ ಒಂದು ಸೊನ್ನೆ, 470 ವೋಲ್ಟ್. ಅದು ಬಿಲ್ಲೆ ಹರಿಯಲು ಶುರು ಮಾಡುವ ಮಟ್ಟ. ಸದಾ ಲೈನಿನಲ್ಲಿ ಕೂತಿರಲು ಅದಕ್ಕೆ ಎ.ಸಿ. 300 ವೋಲ್ಟೇ ಮಿತಿ. ಮನೆಯ 230 ವೋಲ್ಟಿಗೆ ಸರಿ. ನನ್ನ ಕಾರ್ಡಿನ ಟ್ರಾನ್ಸ್‌ಫಾರ್ಮರು ಎರಡು ಫೇಸಿನ ನಡುವೆ, 415 ವೋಲ್ಟಿನಲ್ಲಿ ಕೂತಿದೆ. ಅಲ್ಲಿಗೆ 821 ಬೇಕು, ಅದರ ಮಿತಿ 510 ವೋಲ್ಟ್. ಕೋಡಿಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕಟ್ಟಿದ ಹಾಗೆ ಆಗಿತ್ತು ನನ್ನ ಕೆಲಸ.

ನ್ಯೂಟ್ರಲ್ ಕಡಿದು ಮನೆ ಲೈನಿನಲ್ಲಿ 350-400 ವೋಲ್ಟ್ ಬಂದಾಗಲೂ ಹೀಗೇ. ಬಿಲ್ಲೆ ಗಳಿಗೆಯ ಹೊಡೆತಕ್ಕೆ ಇರುವಂಥದು; ನಿಮಿಷಗಟ್ಟಲೆ ಬರುವ ಹೆಚ್ಚು ವೋಲ್ಟೇಜಿಗೆ ಕಾದು ಸಿಡಿಯುತ್ತದೆ, ಬೆಂಕಿಯೂ ಹತ್ತಬಹುದು. ಅದಕ್ಕೇ ಬಿಲ್ಲೆಯ ಮುಂಚೆ ಫ್ಯೂಸು ಇರಲೇಬೇಕು. ಫ್ಯೂಸಿಗೆ ತಂತಿ ಸುತ್ತಿ ಜಡಿಯುವ ನಮ್ಮ ಹಳ್ಳಿ ಬುದ್ಧಿ ಇಲ್ಲಿ ಬೇಡ.

ಮೀಟರಿನಲ್ಲಿ ನೋಡಿದರೆ ಪೂರ್ತಿ ಸುಟ್ಟು ಶಾರ್ಟ್ ಆದದ್ದು ಗೊತ್ತಾಗುತ್ತದೆ. ಅರ್ಧ ಸೋತದ್ದು ಸಾಮಾನ್ಯ ಮೀಟರಿಗೆ ಸಿಗದು. ಬಣ್ಣ ಕಪ್ಪಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಸರಿ. ರಿಪೇರಿಗೆ ಕೊಟ್ಟಾಗ 'ಬಿಲ್ಲೆ ಹಾಕಿದೀರಾ?' ಅಂತ ಒಂದು ಮಾತು ಕೇಳಿ. ಬೋರ್ಡು ಬಿಚ್ಚುವ ಮೊದಲು ಮೇನ್ ಇಳಿಸಿ, ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ.

ಕೋಡಿ ನೀರು ಎಲ್ಲಿಗೆ?

ಕಾರ್ಡಿನ ಬಿಲ್ಲೆ ಚಿಕ್ಕದು, ಕೊನೆಯ ಕಾವಲು. ಪ್ಯಾನಲ್ ಬೋರ್ಡಿಗೇ ಹಾಕುವ ದೊಡ್ಡದು ಬರುತ್ತದೆ, ಎಸ್‌ಪಿಡಿ ಅಂತ. ಒಳಗಿರುವುದು ಇದೇ ಜಾತಿಯ ಬಿಲ್ಲೆ. ಪುಟ್ಟ ಕಿಟಕಿಯಲ್ಲಿ ಹಸಿರು ಇದ್ದರೆ ಬದುಕಿದೆ, ಕೆಂಪಾದರೆ ಸತ್ತಿದೆ. ಫೇಸಿನಿಂದ ನೆಲಕ್ಕೆ ಹಾಕುವಂಥವು 320, 385, 440 ವೋಲ್ಟಿನವು ಸಿಗುತ್ತವೆ. ನಮ್ಮ ಹಳ್ಳಿ ಲೈನಿನ ಏರಿಳಿತಕ್ಕೆ 320 ಸಾಲದು. ನಾನು 440ರದ್ದು ಹಾಕಿದ್ದೇನೆ.

ಆದರೆ ಕೋಡಿ ಬಿದ್ದ ನೀರು ಹರಿಯಲು ಹಳ್ಳ ಬೇಕಲ್ಲ? ಆ ಹಳ್ಳವೇ ಅರ್ಥಿಂಗ್. ಹೊಳೆನರಸೀಪುರದ ನನ್ನ ಗೆಳೆಯರು ಹೇಮಾವತಿ ದಡದಲ್ಲಿ ಗದ್ದೆ ಮಾಡುತ್ತಾರೆ. ಅವರ ಅರ್ಥ್ ಪೈಪಿನ ಬುಡ ವರ್ಷವಿಡೀ ತೇವ. ನಮ್ಮದು ಕೆಂಪು ಜಲ್ಲಿ ನೆಲ. ಏಪ್ರಿಲಿನಲ್ಲಿ ಗುಂಡಿ ಒಣಗಿ ಬಿರುಕು ಬಿಟ್ಟಿರುತ್ತದೆ, ಸಿಡಿಲು ಬರುವುದೂ ಆಗಲೇ. ಅರಕಲಗೂಡಿನ ನಮ್ಮ ಭಾವನವರು ಎಸ್‌ಪಿಡಿ ಹಾಕಿಸಿಯೂ ಕಾರ್ಡು ಕಳೆದುಕೊಂಡರು. ಹೋಗಿ ನೋಡಿದರೆ ಅರ್ಥ್ ವೈರು ಗೋಡೆ ಮೊಳೆಗೆ ಸುತ್ತಿತ್ತು, ನೆಲ ಮುಟ್ಟಿರಲೇ ಇಲ್ಲ! 'ಕಟ್ಟಿದೀನಿ ಅಂತ ಹೇಳ್ದ ಕಣೋ ವೈರಿಂಗ್‌ನೋನು' ಅಂತ ಅವರ ಸಮಾಧಾನ.

ವೈರೂ ಮುಖ್ಯ. ಉದ್ದವಾದಷ್ಟೂ ಸಿಡಿಲಿನ ಹೊಡೆತಕ್ಕೆ ಅದೇ ಅಡ್ಡಿ. ಎಸ್‌ಪಿಡಿಯಿಂದ ಫೇಸಿಗೂ ಅರ್ಥ್ ಪಟ್ಟಿಗೂ ಹೋಗುವ ವೈರು ಎರಡೂ ಸೇರಿ ಅರ್ಧ ಮೀಟರಿನೊಳಗೆ ಇರಲಿ. ಮಿಕ್ಕ ವೈರನ್ನು ಸುರುಳಿ ಸುತ್ತಿ ಬೋರ್ಡಿನೊಳಗೆ ತುರುಕಬೇಡಿ, ಕತ್ತರಿಸಿ.

ಟ್ಯಾಂಕಿನ ಸೆನ್ಸರು, ಡ್ರಿಪ್ಪಿನ ಆಟೋಮ್ಯಾಟಿಕ್ ವಾಲ್ವು ಇರುವವರಿಗೆ ಇನ್ನೊಂದು ದಾರಿಯಲ್ಲೂ ಸಿಡಿಲು ಬರುತ್ತದೆ. ತೋಟದಲ್ಲಿ ಎಳೆದ ಉದ್ದನೆಯ ಸಣ್ಣ ವೈರಿನಲ್ಲಿ. ಅಲ್ಲಿರುವುದು 12-24 ವೋಲ್ಟ್. ಅದಕ್ಕೆ ಟಿವಿಎಸ್ ಡಯೋಡ್ ಅಂತ ಸಿಲಿಕಾನಿನದು ಬೇರೆ ಸಿಗುತ್ತದೆ. ಬಿಲ್ಲೆಗಿಂತ ಚುರುಕು, ಆದರೆ ಹೊರುವ ಶಕ್ತಿ ಕಡಿಮೆ. ನನಗೆ ಅದರ ಅನುಭವ ಇಲ್ಲ, ಇರುವವರು ಬರೆದರೆ ಉಪಕಾರ.

ನಾನು 2023ರಲ್ಲಿ ಹೊಸ ಗುಂಡಿ ತೆಗೆಸಿ, ಎಂಟು ಅಡಿ ಜಿ.ಐ. ಪೈಪು ಇಳಿಸಿ, ಇದ್ದಿಲು-ಉಪ್ಪು ತುಂಬಿಸಿದೆ. ಪಕ್ಕದ ತೆಂಗಿನ ಡ್ರಿಪ್ ಪೈಪಿನಿಂದ ಒಂದು ಡ್ರಿಪ್ಪರನ್ನು ಗುಂಡಿಗೇ ಬಿಟ್ಟಿದ್ದೇನೆ. ಮೋಟಾರು ಓಡಿದಾಗಲೆಲ್ಲ ಮರಕ್ಕೆ ನೀರು ಬಿದ್ದಂತೆ ಅರ್ಥಿಂಗಿಗೂ ಬೀಳುತ್ತದೆ. ಮುಂದಿನ ವರ್ಷ ಮುಂಗಾರಿಗೆ ಮುಂಚಿನ ಮಳೆಯಲ್ಲಿ ಎಸ್‌ಪಿಡಿಯ ಒಂದು ಕಿಟಕಿ ಕೆಂಪಾಗಿತ್ತು. ಕಾರ್ಡು ಫೋನ್ ಎತ್ತಿತು.