ನಿಮಗಿದು ಗೊತ್ತೆ? ನರವಿಲ್ಲದ ಗಿಡದಲ್ಲೂ ವಿದ್ಯುತ್ ಸಂಕೇತ!

ಮುಟ್ಟಿದರೆ ಮುನಿ ಗಿಡಕ್ಕೆ ನರಗಳಿಲ್ಲ. ಆದರೂ ಎಲೆ ಮುಟ್ಟಿದೊಡನೆ ಅದರೊಳಗೆ ವಿದ್ಯುತ್ ಸಂಕೇತ ಹರಿಯುತ್ತದೆ! ವೇಗ ಸೆಕೆಂಡಿಗೆ ಸುಮಾರು 2ರಿಂದ 3 ಸೆಂಟಿಮೀಟರ್. ಸಂಕೇತ ಎಲೆಯ ಬುಡದ ಗಂಟನ್ನು ತಲುಪಿದಾಗ ಅಲ್ಲಿನ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಬರುತ್ತದೆ. ಹಿಂದೆಯೇ ನೀರೂ ಹೊರಡುತ್ತದೆ. ಬಿಗಿ ಕಳೆದುಕೊಂಡ ಎಲೆ ಮಡಚಿ ಜೋಲುತ್ತದೆ.

ವಿಜ್ಞಾನಿ ಜಗದೀಶ್ ಚಂದ್ರ ಬೋಸ್ ಶತಮಾನದ ಹಿಂದೆಯೇ ಕೋಲ್ಕತ್ತದಲ್ಲಿ ಈ ಸಂಕೇತವನ್ನು ಅಳೆದಿದ್ದರು. ಇಂದು ಶಾಲಾ ಮಕ್ಕಳೂ ಅಳೆಯಬಹುದು. ಕಾಂಡಕ್ಕೆ ತೆಳು ಬೆಳ್ಳಿ ತಂತಿ ಸುತ್ತಿ, ಮಣ್ಣಿಗೆ ಇನ್ನೊಂದು ತಂತಿ ಚುಚ್ಚಿ, ಪುಟ್ಟ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಮೊಬೈಲ್ ಪರದೆಯಲ್ಲಿ ಅಲೆ ಏಳುತ್ತದೆ. ಇದಕ್ಕೆ ಬೇಕಾದ ಸರ್ಕಿಟ್ ನಕ್ಷೆಗಳು ಎಲ್ಲರಿಗೂ ಮುಕ್ತ. ಗಿಡವಂತೂ ರಸ್ತೆಬದಿಯಲ್ಲೇ ಸಿಗುತ್ತದೆ.